ರಕ್ತ ಮರಳಿದ ಮೇಲೆ

ಮಾರ್ಚ್ 2, ಭಾನುವಾರ

ದಿನಚರಿ ಬರೆಯಿರಿ ಎಂದು ಆಸ್ಪತ್ರೆಯ ಆಪ್ತಸಮಾಲೋಚಕಿ ಹೇಳಿದ್ದಾಳೆ. ಕಿಡ್ನಿ ಕೊಡುವವರಿಗೆಲ್ಲ ಹೀಗೇ ಹೇಳುತ್ತಾರಂತೆ. "ಮನಸ್ಸಲ್ಲಿ ಬಂದಿದ್ದನ್ನ ಬರೀರಿ ಮೇಡಂ, ಯಾರೂ ಓದಲ್ಲ" ಎಂದಳು. ಯಾರೂ ಓದದಿದ್ದರೆ ಬರೆಯುವುದು ಯಾಕೆ ಎಂದು ಕೇಳುವವಳಿದ್ದೆ, ಚಿಕ್ಕ ವಯಸ್ಸಿನವಳು, ಪಾಪ ಎಂದು ಸುಮ್ಮನಾದೆ. ಕಳೆದ ವಾರ ಅವಳೇ, ಯಾರಾದರೂ ಒತ್ತಾಯ ಮಾಡಿ ನಿಮ್ಮ ಕೈಲಿ ಕಿಡ್ನಿ ಕೊಡಿಸುತ್ತಿದ್ದಾರಾ ಎಂದು ವಿಚಾರಿಸಿದ್ದಳು. ನಮ್ಮ ಯಜಮಾನರು ಪಕ್ಕದಲ್ಲೇ ಕೂತಿದ್ದರು, ಕೆಮ್ಮು ಬಂದವರ ಹಾಗೆ ಎದ್ದು ಹೊರಗೆ ಹೋದರು. ನನ್ನನ್ನು ಒತ್ತಾಯ ಮಾಡುವವರು ಇನ್ನೂ ಹುಟ್ಟಬೇಕು. ಒತ್ತಾಯ ಮಾಡಿದ್ದು ನಾನು.

ತಂಗಿಯ ಎರಡು ಕಿಡ್ನಿಯೂ ಕೈಕೊಟ್ಟು ಒಂದೂವರೆ ವರ್ಷವಾಯಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಕರೆದುಕೊಂಡು ಹೋಗಿ ಬರುವವಳು ನಾನೇ, ಕೆಂಪು 'ಎಲ್' ಬೋರ್ಡಿನ ನಮ್ಮ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ. ಅವಳು ನಾಟಕಗಳಿಗೆ ಬೆಳಕು ಮಾಡುವವಳು. ಯಾವ ದೀಪ ಎಲ್ಲಿಂದ ಎಷ್ಟು ಬೀಳಬೇಕು ಎನ್ನುವುದೇ ಅವಳ ಬದುಕು. ಈಗ ಡಯಾಲಿಸಿಸ್ ಮುಗಿಸಿ ಎದ್ದ ದಿನ ಒಗೆದು ಹಿಂಡಿದ ಬಟ್ಟೆಯ ಹಾಗಿರುತ್ತಾಳೆ.

ನನ್ನ ಕಿಡ್ನಿ ಅವಳಿಗೆ ಹೊಂದುತ್ತದೆ ಎಂದು ಗೊತ್ತಾದ ದಿನ ಅವಳು ಖುಷಿಪಡಬೇಕಿತ್ತು. "ಬೇರೆ ಯಾರ್ದಾದ್ರೂ ಸಿಗೋವರೆಗೂ ಕಾಯ್ತೀನಿ ಅಕ್ಕ" ಎಂದಳು.

"ಯಾಕೆ, ನಂದು ಚೆನ್ನಾಗಿಲ್ವಾ?"

"ಚೆನ್ನಾಗೇ ಇದೆ. ಆದ್ರೆ ಅದರ ಜೊತೆಗೆ ನೀನೂ ಬರ್ತೀಯ."

ಇವರು ಪೇಪರು ಓದುತ್ತಿದ್ದವರು ಅದನ್ನು ಮುಖದ ಮಟ್ಟಕ್ಕೆ ಎತ್ತಿಕೊಂಡರು. ಪೇಪರು ಅಲುಗುತ್ತಿತ್ತು, ಒಳಗೆ ನಗುತ್ತಿದ್ದರು ಎಂದು ಕಾಣುತ್ತದೆ.

ಅಮ್ಮ ತೀರಿಕೊಂಡಾಗ ಅವಳಿಗೆ ಒಂಬತ್ತು ವರ್ಷ, ನನಗೆ ಹದಿನೆಂಟು. ಅವಳ ತಲೆ ಬಾಚಿದ್ದು, ಜ್ವರ ಬಂದರೆ ಎದ್ದು ಕೂತಿದ್ದು ಎಲ್ಲ ನಾನು. ಈಗ ಒಂದು ಕಿಡ್ನಿ ಕೊಡುವುದಕ್ಕೆ ಅವಳ ಅಪ್ಪಣೆ ಬೇಕೆ? ಕೊನೆಗೆ ಒಪ್ಪಿಸಿದೆ. ನಾಳೆ ಇಬ್ಬರೂ ಆಸ್ಪತ್ರೆಗೆ ಸೇರುತ್ತೇವೆ, ಮಂಗಳವಾರ ಆಪರೇಷನ್.

ಆಮೇಲೆ ಅವಳು ಇರಲಿ ಎಂದು ನಮ್ಮ ಮುಂದಿನ ಕೋಣೆಗೆ ಸುಣ್ಣಬಣ್ಣ ಮಾಡಿಸಿದ್ದೇನೆ. ಒಳಗಿನ ಚಿಲಕ ತೆಗೆಸಿದ್ದೇನೆ. ಬಾಗಿಲು ಹಾಕಿಕೊಂಡು ತಲೆಸುತ್ತಿ ಬಿದ್ದರೆ ಯಾರಿಗೆ ಗೊತ್ತಾಗಬೇಕು.

ಮಾರ್ಚ್ 5, ಬುಧವಾರ

ನಿನ್ನೆ ಆಯಿತು. ಕೆಮ್ಮಿದರೆ ಜೀವ ಹೋಗುತ್ತದೆ, ನಕ್ಕರೆ ಅದಕ್ಕಿಂತ ಹೆಚ್ಚು. ಜೋಕು ಹೇಳಕೂಡದು ಎಂದು ಇವರಿಗೆ ತಾಕೀತು ಮಾಡಿದ್ದೇನೆ.

ನನ್ನ ಮಂಚದ ಪಕ್ಕ ನೇತುಹಾಕಿದ ಮೂತ್ರದ ಚೀಲ ತುಂಬುತ್ತಿದೆ. ಉಳಿದ ಒಂದು ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ನರ್ಸ್ ಮೆಚ್ಚಿಕೊಂಡಳು. ತಂಗಿಯದು ಹೇಗಿದೆ ಎಂದೆ. "ಡಾಕ್ಟರು ಬಂದು ಹೇಳ್ತಾರೆ" ಎಂದು ದಿಂಬು ಸರಿಮಾಡಿ ಹೋದಳು. ಇವರನ್ನು ಕೇಳಿದೆ. ಸುಳ್ಳು ಹೇಳಲು ಇವರಿಗೆ ಬರುವುದಿಲ್ಲ.

"ಅವಳ ಚೀಲ ಖಾಲಿ ಇದೆ ಕಣೇ" ಎಂದರು.

ಮಾರ್ಚ್ 6, ಗುರುವಾರ

ಕಿಡ್ನಿ ಡಾಕ್ಟರು ಬಂದಿದ್ದರು. ಮೆತ್ತಗೆ ಮಾತಾಡುವ ಮನುಷ್ಯ. ಮೆತ್ತಗೆ ಮಾತಾಡಿದಷ್ಟೂ ನನಗೆ ಭಯ ಹೆಚ್ಚು.

"ನಿಮ್ಮ ಕಿಡ್ನಿಗೆ ರಕ್ತ ತರೋ ನಾಳ ಎರಡು ಇದೆ ಅಂತ ಮೊದಲೇ ಹೇಳಿದ್ವಲ್ಲ" ಎಂದರು. "ಸಾಮಾನ್ಯವಾಗಿ ಒಂದಿರುತ್ತೆ. ಎರಡನ್ನೂ ಹೊಲಿಯೋಕೆ ಹೆಚ್ಚು ಹೊತ್ತು ಹಿಡೀತು. ಅಷ್ಟು ಹೊತ್ತು ಅದಕ್ಕೆ ರಕ್ತ ಇರಲಿಲ್ಲ."

"ಈಗ ಇದೆಯಲ್ಲ?"

"ಈಗ ಚೆನ್ನಾಗಿ ಹರೀತಿದೆ. ಸ್ಕ್ಯಾನ್ ಮಾಡಿ ನೋಡಿದ್ವಿ."

"ಮತ್ತೇನು ರೋಗ ಅದಕ್ಕೆ?"

ಅವರು ಸ್ಟೂಲು ಎಳೆದುಕೊಂಡು ಕೂತರು. ಪೆಟ್ಟು ಬೀಳುವುದು ರಕ್ತ ನಿಂತಾಗ ಮಾತ್ರ ಅಲ್ಲವಂತೆ. ಮತ್ತೆ ಹರಿದಾಗ ಇನ್ನೊಂದು ಪೆಟ್ಟು ಬೀಳುತ್ತದಂತೆ. ಉಸಿರಿಲ್ಲದೆ ಸೊರಗಿದ ಜೀವಕೋಶಗಳ ಮೇಲೆ ಆಮ್ಲಜನಕ ಒಂದೇ ಸಲ ನುಗ್ಗಿದರೆ ಅವು ತಡೆದುಕೊಳ್ಳಲಾರವಂತೆ. "ಕಿಡ್ನಿ ಮಲಗಿದೆ ಅಂತೀವಿ ನಾವು" ಎಂದರು. "ಹೆಚ್ಚಿನವು ಏಳ್ತವೆ. ಅಲ್ಲಿವರೆಗೂ ಡಯಾಲಿಸಿಸ್ ಮಾಡ್ತಾ ಇರ್ತೀವಿ."

ಹೆಚ್ಚಿನವು ಎಂದರೆ ಎಲ್ಲವೂ ಅಲ್ಲ. ಡ್ರೈವಿಂಗ್ ಕಲಿಯಲು ಬಂದವರಿಗೆ ನಾನೂ ಹಾಗೇ ಹೇಳುತ್ತೇನೆ, ಹೆಚ್ಚಿನವರು ಪಾಸಾಗುತ್ತಾರೆ ಎಂದು.

ನನ್ನ ಕಿಡ್ನಿ ನಲವತ್ತಾರು ವರ್ಷ ನನ್ನ ಹೊಟ್ಟೆಯಲ್ಲಿ ಒಂದು ದಿನ ರಜೆ ಹಾಕಿರಲಿಲ್ಲ. ಅಲ್ಲಿಗೆ ಹೋಗಿದ್ದೇ ಮಲಗಿಬಿಟ್ಟಿದೆ. ಮಾನ ಕಳೆಯಿತು.

ಮಧ್ಯಾಹ್ನ ಇನ್ನೊಬ್ಬಳು ಬಂದಳು. ದೊಡ್ಡ ಕನ್ನಡಕ, ಹೆಗಲಿಗೆ ಐಸು ತುಂಬಿದ ನೀಲಿ ಡಬ್ಬಿ. ಇದೇ ಆಸ್ಪತ್ರೆಯ ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಾಳಂತೆ. ಕೋಶಗಳಿಗೆ ಪೆಟ್ಟು ಬಿದ್ದಾಗ ಅವು ತಯಾರಿಸಿಕೊಳ್ಳುವ ಯಾವುದೋ ಪ್ರೋಟೀನಿನ ಮೇಲೆ. "ನಿಮ್ಮದು ಸ್ವಲ್ಪ ಮೂತ್ರ ಬೇಕಿತ್ತು ಆಂಟಿ" ಎಂದಳು, ಪಕ್ಕದ ಮನೆಯವರು ಸಕ್ಕರೆ ಕೇಳಿದ ಹಾಗೆ.

"ತಂಗಿಯದು ತಗೋಬೇಕಲ್ವಾ?"

"ಅವರದು ಇನ್ನೂ ಬಂದಿಲ್ಲ. ಬಂದಾಗ ಹೋಲಿಸೋಕೆ ನಿಮ್ಮದು ಬೇಕು."

ಕೊಟ್ಟೆ. ಇವಳಿಗೆ ಐಸ್‌ಡಬ್ಬಿ ಎಂದು ಹೆಸರಿಟ್ಟಿದ್ದೇನೆ.

ಮಾರ್ಚ್ 8, ಶನಿವಾರ

ಮನೆಗೆ ಕಳಿಸಿದರು. ತಂಗಿಯನ್ನು ಗಾಜಿನ ಗೋಡೆಯಾಚೆಯಿಂದ ನೋಡಿದೆ. ಕೈ ಎತ್ತಿದಳು. ಮುಖ ಊದಿತ್ತು.

ದಾರಿಯಲ್ಲಿ ಇವರಿಗೆ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಇವರು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರು. "ನಮ್ಮಲ್ಲೂ ಅದೇ ಕತೆ" ಎಂದರು. "ರಿಪೇರಿಗೆ ಅಂತ ನೀರು ನಿಲ್ಲಿಸಿದಾಗ ಏನೂ ಆಗಲ್ಲ, ಫೋನೂ ಬರಲ್ಲ. ಮತ್ತೆ ಬಿಟ್ಟಾಗ ಪೈಪ್ ಒಡೆಯುತ್ತೆ, ನಲ್ಲೀಲಿ ಕೆಂಪು ನೀರು ಬರುತ್ತೆ, ಆಗ ಜನ ಬಯ್ಯೋಕೆ ಶುರು ಮಾಡ್ತಾರೆ."

"ಒಡೆದರೆ ಏನು ಮಾಡ್ತೀರ?"

"ಒಡೆದ ಕಡೆ ಜನ ಕಳಿಸ್ತೀವಿ. ಕಾಯ್ತೀವಿ."

ಕಾಯುವುದು ಸರಕಾರಿ ನೌಕರರಿಗೆ ಅಭ್ಯಾಸ. ನನಗಿಲ್ಲ.

ಮಾರ್ಚ್ 9, ಭಾನುವಾರ

ಇಲ್ಲ. ಇವತ್ತೂ ಬಂದಿಲ್ಲ.

ಮಾರ್ಚ್ 12, ಬುಧವಾರ

ಬರೆಯುವಾಗಲೂ ತಲೆ ಬಿಸಿಯಾಗಿಯೇ ಇದೆ.

ತಂಗಿಯನ್ನು ವಾರ್ಡಿನ ಒಬ್ಬರೇ ಇರುವ ಕೋಣೆಗೆ ಹಾಕಿದ್ದಾರೆ. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಕೈ ತೊಳೆದುಕೊಂಡು ಒಳಗೆ ಹೋದೆ. ಮೊದಲು ಕಣ್ಣಿಗೆ ಬಿದ್ದದ್ದು ಅವಳ ಮೇಜಿನ ಮೇಲಿನ ನೀರಿನ ಲೋಟ. ಮೂತ್ರ ಆಗುವವರೆಗೂ ಅವಳಿಗೆ ನೀರು ಅಳತೆಯ ಮೇಲೆ. "ಇಷ್ಟೊಂದು ಕುಡೀಬಹುದಾ?" ಎಂದೆ. "ಕುಡೀಬಹುದು" ಎಂದಳು. ನರ್ಸನ್ನು ಕರೆದು ಖಾತ್ರಿ ಮಾಡಿಕೊಂಡೆ. ತಂಗಿ ಗೋಡೆ ನೋಡುತ್ತಿದ್ದಳು.

ಆಮೇಲೆ ಅವಳ ಕಿಬ್ಬೊಟ್ಟೆಯ ಹತ್ತಿರ ಹೊಸ ಪಟ್ಟಿ ಕಂಡಿತು. ದೇಹ ಹೊಸ ಕಿಡ್ನಿಯನ್ನು ಒಲ್ಲೆ ಎನ್ನುತ್ತಿದೆಯೋ ಏನೋ ಎಂದು ನೋಡಲು ನಿನ್ನೆ ಸೂಜಿ ಹಾಕಿ ಅದರ ಚೂರು ತೆಗೆದಿದ್ದಾರಂತೆ. ಅದಾದರೂ ಸರಿ. ಐಸ್‌ಡಬ್ಬಿ ಬಂದು, ಸಂಶೋಧನೆಗೆ ಇನ್ನೊಂದು ಚೂರು ಸಿಕ್ಕರೆ ಒಳ್ಳೆಯದಿತ್ತು ಎಂದಳಂತೆ. ಇವಳು ಹೂಂ ಎಂದು ಸಹಿ ಹಾಕಿದಳಂತೆ.

"ನನ್ನ ಕಿಡ್ನಿನ ಯಾರನ್ನ ಕೇಳಿ ತುಂಡು ಮಾಡಿಕೊಟ್ಟೆ?" ಎಂದೆ.

"ಅವರು ನನ್ನನ್ನ ಕೇಳಿದ್ರು. ನಾನು ಆಗಲಿ ಅಂದೆ."

"ಅದೇ ಈಗ ಪ್ರಾಣ ಹಿಡ್ಕೊಂಡು ಮಲಗಿದೆ. ಅದಕ್ಕೆ ಇನ್ನೊಂದು ಸಲ ಚುಚ್ಚಿಸಿದ್ಯಲ್ಲ. ನನಗೊಂದು ಮಾತು ಹೇಳಬಾರದಿತ್ತಾ?"

"ಅಕ್ಕ, ಅದು ಯಾರ ಹೊಟ್ಟೇಲಿದೆ?"

"ಯಾರ ಹೊಟ್ಟೆಯಿಂದ ಬಂತು ಅದನ್ನ ಹೇಳು."

ತಂಗಿ ಪಟ್ಟಿಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ದನಿ ಏರಿಸದೆ ಹೇಳಿದಳು: "ಅದಕ್ಕೇ ನಾನು ಬೇಡ ಅಂದಿದ್ದು. ನಿಂದೇ ಆದ್ರೆ ವಾಪಸ್ ತಗೊಂಡುಬಿಡು. ಇಲ್ಲೇನೂ ಕೆಲಸ ಮಾಡ್ತಿಲ್ಲ ಅದು."

ನಾನು ಎದ್ದು ಬಂದೆ. ಮೆಟ್ಟಿಲಿಳಿಯುವಾಗ ಹೊಲಿಗೆ ಎಳೆಯಿತು.

ಮಾರ್ಚ್ 13, ಗುರುವಾರ

ಹೋಗಲಿಲ್ಲ. ಇವರು ಹೋಗಿ ಬಂದರು. ನಾನು ಏನೂ ಕೇಳಲಿಲ್ಲ. ಬಟ್ಟೆ ಮಡಚಿದೆ.

ಮಾರ್ಚ್ 14, ಶುಕ್ರವಾರ

ಹೊಲಿಗೆ ತೋರಿಸಲು ಹೋಗಬೇಕಿತ್ತು. ಗಾಯ ಚೆನ್ನಾಗಿ ಕೂಡಿದೆ ಎಂದರು. ಇವರು ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗ ನಾನು ಲ್ಯಾಬ್ ಎಲ್ಲಿದೆ ಎಂದು ಕೇಳಿಕೊಂಡು ಹಿಂದಿನ ಕಟ್ಟಡಕ್ಕೆ ಹೋದೆ. ಐಸ್‌ಡಬ್ಬಿಗೆ ನಾಲ್ಕು ಮಾತು ಆಡಿಯೇ ಬರಬೇಕು ಎಂದಿತ್ತು. ದಾರಿಯುದ್ದಕ್ಕೂ ಆ ನಾಲ್ಕು ಮಾತನ್ನು ಜೋಡಿಸಿಕೊಂಡೆ.

ಅವಳು ಲ್ಯಾಬಿನ ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದಳು. ಒಳಗೆ ತಿನ್ನುವ ಹಾಗಿಲ್ಲವಂತೆ. ನನ್ನನ್ನು ನೋಡಿ ಗಡಬಡಿಸಿ ಎದ್ದಳು, ಬ್ರೆಡ್ಡಿನ ಚೂರು ಕೋಟಿನ ಮೇಲೆ ಉದುರಿತು. "ಆಂಟಿ, ನೀವು ಮೆಟ್ಟಿಲು ಹತ್ತಿ ಬಂದ್ರಾ? ಕೂತ್ಕೊಳಿ ಮೊದಲು" ಎಂದು ತನ್ನ ಬಾಟಲಿಯ ನೀರು ಕೊಟ್ಟಳು. ನಾಲ್ಕು ಮಾತಿನಲ್ಲಿ ಎರಡು ಅಲ್ಲೇ ಉದುರಿಹೋದವು.

"ನನ್ನ ಕಿಡ್ನಿ ಚೂರು ತಗೊಂಡಿದೀಯಲ್ಲ, ಅದನ್ನ ತೋರ್ಸು" ಎಂದೆ.

ಅವಳು ಕನ್ನಡಕ ಸರಿಮಾಡಿಕೊಂಡಳು. "ಅದು ಆಗಲ್ಲ ಆಂಟಿ. ಅದು ನಿಮ್ಮ ತಂಗಿಯದು. ಅವರನ್ನ ಕೇಳದೆ ಯಾರಿಗೂ ತೋರ್ಸೋ ಹಾಗಿಲ್ಲ."

"ಕೊಟ್ಟವಳು ನಾನು."

"ಹೌದು. ಕೊಟ್ಟಿದೀರಲ್ಲ."

ಏನೂ ಕುಹಕ ಇರಲಿಲ್ಲ ಆ ಮಾತಿನಲ್ಲಿ. ಮಕ್ಕಳು ಆಡುವ ಹಾಗೆ ಆಡಿದಳು. ನನ್ನ ಮುಖ ಹೇಗಾಗಿತ್ತೋ, ಅವಳೇ "ಬೇಕಾದ್ರೆ ಇಲಿಯದು ತೋರಿಸ್ತೀನಿ, ಬನ್ನಿ" ಎಂದಳು.

ಒಳಗೆ ಒಂದು ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಮೇಜಿನ ತುಂಬ ಬೆರಳುದ್ದದ ಕೊಳವೆಗಳು. ಒಂದು ಗಾಜಿನ ತುಣುಕನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನನ್ನನ್ನು ಕೂರಿಸಿದಳು. ಮೊದಲು ನನ್ನ ರೆಪ್ಪೆಯೇ ಕಂಡಿತು. ಆಮೇಲೆ ಬಳೆಗಳನ್ನು ಒತ್ತೊತ್ತಾಗಿ ಸುರಿದ ಹಾಗೆ ದುಂಡು ದುಂಡು ಆಕಾರಗಳು. ಕಿಡ್ನಿಯೊಳಗಿನ ಸಣ್ಣ ಕೊಳವೆಗಳನ್ನು ಅಡ್ಡ ಕೊಯ್ದರೆ ಹಾಗೆ ಕಾಣುತ್ತವಂತೆ. ಕೆಲವು ಬಳೆಗಳ ಅಂಚಿಗೆ ಕಂದು ಬಣ್ಣ ಹತ್ತಿತ್ತು.

"ಈ ಇಲಿ ಕಿಡ್ನಿಗೆ ಸ್ವಲ್ಪ ಹೊತ್ತು ರಕ್ತ ನಿಲ್ಲಿಸಿ ಮತ್ತೆ ಬಿಟ್ಟಿದ್ವಿ" ಎಂದಳು. "ಕಂದು ಇರೋ ಕಡೆಯೆಲ್ಲ ನಾನು ಹೇಳಿದ ಪ್ರೋಟೀನ್ ಇದೆ. ಯಾರೋ ಒಮ್ಮೆ ಹಣ್ಣಿನ ನೊಣದ ಮರಿಗಳಿಗೆ ಬಿಸಿ ಜಾಸ್ತಿಯಾದಾಗ ಇದರ ಸುಳಿವು ಕಂಡ್ರು. ಅದಕ್ಕೇ ಇದರ ಹೆಸರಲ್ಲಿ ಬಿಸಿ ಅನ್ನೋ ಮಾತು ಉಳ್ಕೊಂಡಿದೆ. ಆದ್ರೆ ಬಿಸಿ ಅಂತಲ್ಲ, ಯಾವ ಕಷ್ಟ ಬಂದ್ರೂ ಕೋಶ ಇದನ್ನ ಮಾಡ್ಕೊಳ್ಳುತ್ತೆ."

"ಮಾಡ್ಕೊಂಡು ಏನು ಮಾಡುತ್ತೆ?"

"ಪೆಟ್ಟು ಬಿದ್ದಾಗ ಒಳಗಿರೋ ಬೇರೆ ಪ್ರೋಟೀನ್‌ಗಳೆಲ್ಲ ಸೊಟ್ಟ ಆಗ್ತವೆ, ಒಂದಕ್ಕೊಂದು ಅಂಟ್ಕೊಂಡು ಮುದ್ದೆಯಾಗ್ತವೆ. ಇದು ಹೋಗಿ ಅವನ್ನ ಹಿಡ್ಕೊಳ್ಳುತ್ತೆ. ಅವು ಮತ್ತೆ ತಮ್ಮ ಆಕಾರಕ್ಕೆ ಬರೋವರೆಗೂ ಹಿಡ್ಕೊಂಡು, ಆಮೇಲೆ ಬಿಡುತ್ತೆ. ಅಷ್ಟೇ ಇದರ ಕೆಲಸ."

"ಅದೇ ತಿದ್ದುತ್ತಾ ಅವನ್ನ?"

"ತಿದ್ದೋದು ಅಂತಲ್ಲ ಆಂಟಿ. ಹೇಗೆ ಮಡಚ್ಕೋಬೇಕು ಅನ್ನೋದು ಅವಕ್ಕೇ ಗೊತ್ತಿರುತ್ತೆ. ಇದು ಬೀಳದ ಹಾಗೆ ನೋಡ್ಕೊಳ್ಳುತ್ತೆ. ಸರಿಯಾಗಲೇ ಇಲ್ಲ ಅಂದ್ರೆ ಗುಡಿಸಿ ಹಾಕೋಕೆ ಬೇರೆ ವ್ಯವಸ್ಥೆ ಇದೆ."

ನಾನು ಮತ್ತೆ ಕಣ್ಣಿಟ್ಟು ನೋಡಿದೆ. "ಈ ಕಂದು ಬಂದರೆ ಒಳ್ಳೇದೋ ಕೆಟ್ಟದ್ದೋ?"

"ಪೆಟ್ಟು ಬಿದ್ದಿದೆ ಅಂತಾನೂ ಗುರುತು, ಸುಧಾರಿಸ್ಕೋತಿದೆ ಅಂತಾನೂ ಗುರುತು. ಯಾವುದು ಎಷ್ಟು ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಅದನ್ನೇ ಹುಡುಕ್ತಿರೋದು. ಈಗ ಆ ಕೋಶಗಳಿಗೆ ಬದುಕಿ ಉಳಿಯೋದೇ ಕೆಲಸ. ಮೂತ್ರ ಮಾಡೋದು ಆಮೇಲಿಂದು."

ಹೊರಡುವಾಗ ಒಂದು ಮಾತು ಕೇಳಿದೆ. ತಂಗಿಯ ಹೊಟ್ಟೆಯಲ್ಲಿರುವ ಕಿಡ್ನಿಯ ಈ ಪ್ರೋಟೀನು ನನ್ನಿಂದ ಹೋಗಿದ್ದೋ ಎಂದು. ಅವಳು ಇಲ್ಲ ಎಂದು ತಲೆಯಾಡಿಸಿದಳು. ಮಾಡುವ ವಿಧಾನ ಮಾತ್ರ ಆ ಕೋಶಗಳಲ್ಲಿ ಮೊದಲಿಂದ ಇರುತ್ತದಂತೆ. ಈಗ ಮಾಡಿಕೊಳ್ಳುತ್ತಿರುವುದಕ್ಕೆ ಬೇಕಾದ ಸಾಮಗ್ರಿಯೆಲ್ಲ ತಂಗಿಯ ರಕ್ತದಲ್ಲಿ ಬರುವುದು, ಅವಳು ತಿಂದ ಊಟದಿಂದ.

"ಅವರು ಎರಡು ಮೊಟ್ಟೆ ತಿಂದ್ರೆ ಅದರಿಂದ್ಲೇ" ಎಂದಳು ಐಸ್‌ಡಬ್ಬಿ.

ಉಳಿದ ಎರಡು ಮಾತು ಹೇಳುವುದು ಮರೆತೇಹೋಯಿತು. ಕೆಳಗೆ ಇವರು ಔಷಧಿಯ ಕವರು ಹಿಡಿದು ನನ್ನನ್ನು ಹುಡುಕುತ್ತಿದ್ದರು.

ಮಾರ್ಚ್ 15, ಶನಿವಾರ

ಮೊಟ್ಟೆ ಬೇಯಿಸಿಕೊಂಡು ಹೋದೆ. ತಿನ್ನಬಹುದೇ ಎಂದು ಆಹಾರತಜ್ಞೆಯನ್ನು ಕೇಳಿದ್ದಾಯಿತು, ತಿನ್ನಬಹುದು. ತಂಗಿ ಒಂದು ತಿಂದಳು. ಇನ್ನೊಂದು ಬೇಡ ಎಂದಳು. ಮುಚ್ಚಿಟ್ಟೆ.

ಚೂರಿನ ಪರೀಕ್ಷೆಯ ಫಲಿತಾಂಶ ಬಂದಿದೆ. ದೇಹ ಒಲ್ಲೆ ಎನ್ನುತ್ತಿಲ್ಲ. ಪೆಟ್ಟು ಬಿದ್ದದ್ದಷ್ಟೇ, ಕಾಯಬೇಕು.

ಇಬ್ಬರೂ ಜಗಳದ ಮಾತೆತ್ತಲಿಲ್ಲ. ಅವಳು ಸೂರು ನೋಡುತ್ತಾ ಮಲಗಿದ್ದಳು. ಆ ಕೋಣೆಯ ಟ್ಯೂಬ್‌ಲೈಟಿನ ಬೆಳಕು ಎಷ್ಟು ಕೆಟ್ಟದಾಗಿದೆಯೆಂದರೆ ಆರೋಗ್ಯವಂತರೂ ಇದರಡಿ ಹೆಣದ ಹಾಗೆ ಕಾಣುತ್ತಾರೆ ಎಂದಳು. ಆಮೇಲೆ ಹೇಳಿದಳು:

"ಅಕ್ಕ, ನನಗೆ ಒಂದೇ ಭಯ. ನಿನ್ನ ಹೊಟ್ಟೆ ಕೊಯ್ಸಿ, ಚೆನ್ನಾಗಿದ್ದಿದ್ದನ್ನ ತಗೊಂಡು, ನಾನು ಕೆಡಿಸಿಬಿಟ್ನೇನೋ ಅಂತ. ಬೆಳಗ್ಗೆ ಎದ್ದರೆ ಚೀಲ ನೋಡೋಕೇ ಧೈರ್ಯ ಬರಲ್ಲ. ನೀನು ಬಾಗಿಲಲ್ಲಿ ಬಂದ್ರೆ ಇನ್ನೂ ಭಯ. ನೀನೂ ಮೊದಲು ಚೀಲಾನೇ ನೋಡ್ತೀಯ. ಆಮೇಲೆ ನನ್ನ."

ಹೌದು, ನೋಡುತ್ತೇನೆ. ಇವತ್ತೂ ನೋಡಿದ್ದೆ.

"ಎರಡು ನಾಳ ಇಟ್ಕೊಂಡು ಹುಟ್ಟಿದ್ದು ನಾನು" ಎಂದೆ. "ಕೆಡಿಸಿದ್ದು ನೀನು ಹೇಗಾಗ್ತೀಯ?"

ಅವಳಿಗೆ ನಗು ಬಂತು. ನನಗೂ ಬಂತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು, ಅಯ್ಯೋ ಅಮ್ಮ ಎನ್ನುತ್ತಾ ನಕ್ಕೆವು. ಏನಾಯಿತೋ ಎಂದು ನರ್ಸ್ ಓಡಿಬಂದಳು.

ಆಮೇಲೆ ತಂಗಿ "ಸ್ವಲ್ಪ ಹೊತ್ತು ಮಾತಾಡದೆ ಕೂತ್ಕೋತೀಯಾ?" ಎಂದಳು. ಕೂತೆ. ಅವಳಿಗೆ ನಿದ್ದೆ ಬಂತು. ಹೊದಿಕೆ ಜಾರಿತ್ತು, ಸರಿಮಾಡಿದರೆ ಎಚ್ಚರವಾದೀತು ಎಂದು ಬಿಟ್ಟೆ. ಕಾಲು ಜೋಮು ಹಿಡಿಯಿತು.

ಮಾರ್ಚ್ 19, ಬುಧವಾರ

ಬೆಳಗ್ಗೆ ಇವರು ಕಚೇರಿಗೆ ಹೊರಟಿದ್ದರು. ಫೋನು ಬಂತು. ಇವರು ಹೂಂ, ಹೂಂ ಎಂದರು, ಚಪ್ಪಲಿ ಹಾಕಿದವರೇ ಅಡುಗೆಮನೆಯವರೆಗೂ ಬಂದರು. ಹಾಗೆ ಬಂದರೆ ನಾನು ಬಯ್ಯುತ್ತೇನೆ ಎಂದು ಗೊತ್ತಿದ್ದೂ ಬಂದರು.

"ನಿನ್ನ ತಂಗಿ ಏರಿಯಾಕ್ಕೆ ನೀರು ಬಂತಂತೆ" ಎಂದರು.

ಸ್ಟೌ ಆರಿಸಿ ಅಲ್ಲೇ ನೆಲದ ಮೇಲೆ ಕೂತೆ. ಇವರೂ ಬ್ಯಾಗು ಹಿಡಿದುಕೊಂಡೇ ಪಕ್ಕದಲ್ಲಿ ಕೂತರು. ಯಾಕೋ ಅಮ್ಮನ ನೆನಪು ಬಂತು. ಇವರು ಕಚೇರಿಗೆ ಅರ್ಧ ದಿನ ರಜೆ ಹಾಕಿದರು.

ಇವತ್ತು ಬಂದದ್ದು ಒಂದು ಲೋಟದಷ್ಟು. ಐಸ್‌ಡಬ್ಬಿ ಅದರಲ್ಲೂ ಪಾಲು ತೆಗೆದುಕೊಂಡು ಹೋದಳಂತೆ. ಕೊಳವೆಯನ್ನು ಕಿಟಕಿಗೆ ಹಿಡಿದು ನೋಡಿ, ತಂಗಿಯ ಎದುರೇ ಕಣ್ಣೊರೆಸಿಕೊಂಡಳಂತೆ.

ಮಾರ್ಚ್ 29, ಶನಿವಾರ

ತಂಗಿಯನ್ನು ಮನೆಗೆ ಕಳಿಸಿದರು. ಈಗ ದಿನಕ್ಕೆ ಎಷ್ಟು ನೀರು ಕುಡಿದರೂ ಸಾಲದು ಎನ್ನುತ್ತಾರೆ. ಡಯಾಲಿಸಿಸ್ ನಿಂತಿದೆ.

ತನ್ನ ಬಾಡಿಗೆ ಮನೆಗೇ ಹೋಗುತ್ತೇನೆ ಎಂದು ಹಟ ಹಿಡಿದಿದ್ದಳು. ನಾಟಕಗಳಿಗೆ ಬಟ್ಟೆ ಹೊಲಿಯುವ ಗೆಳತಿ ಬಂದು ಜೊತೆಗಿರುತ್ತಾಳಂತೆ. ಮೊದಲ ವಾರಗಳಲ್ಲಿ ಸೋಂಕು ತಗುಲಿದರೆ ಕಷ್ಟ, ನಾಲ್ಕು ಮೈಲಿ ದೂರದಿಂದ ನಾನು ಏನು ನೋಡಲಿ? ಬಾಯಿಗೆ ಬಂದದ್ದೆಲ್ಲ ಹೇಳಲು ಹೊರಟೆ. ಅವಳು ಮುಖ ಗೋಡೆಗೆ ತಿರುಗಿಸುವುದು ಕಂಡಿತು. ಅಲ್ಲಿಗೇ ನಿಲ್ಲಿಸಿ, "ಏನು ಮಾಡಿದ್ರೆ ನಮ್ಮನೆಗೆ ಬರ್ತೀಯ ಹೇಳು" ಎಂದೆ.

ಯೋಚಿಸಿ ಹೇಳಿದಳು. "ಚಿಲಕ ಬೇಕು. ಒಳಗಡೆಯಿಂದ."

ಇವರು ಸಂಜೆ ಸ್ಕ್ರೂಡ್ರೈವರ್ ಹಿಡಿದು ಚಿಲಕ ಹಾಕಿದರು. ಸ್ವಲ್ಪ ವಾರೆಯಾಗಿದೆ, ಎತ್ತಿ ತಳ್ಳಬೇಕು. ಈಗ ಬಾಗಿಲು ಹಾಕಿಕೊಂಡಿದ್ದಾಳೆ. ಒಳಗೆ ಯಾರ ಜೊತೆಗೋ ಫೋನಿನಲ್ಲಿ ಮಾತಾಡುತ್ತಿದ್ದಾಳೆ, ನಗುವುದು ಕೇಳುತ್ತಿದೆ.

ಏಪ್ರಿಲ್ 27, ಭಾನುವಾರ

ಅವಳ ಮನೆಗೆ ಬಿಟ್ಟು ಬಂದೆವು. ಮನೆ ಖಾಲಿ ಎನ್ನಿಸುತ್ತಿದೆ. ನಾಳೆಯಿಂದ ನನಗೂ ಕೆಲಸ.

ಮೇ 11, ಭಾನುವಾರ

ನನಗೆ ಇವತ್ತು ಗೊತ್ತಾಯಿತು. ಮಂಗಳವಾರ ತಂಗಿಯ ರಕ್ತಪರೀಕ್ಷೆಯಲ್ಲಿ ಏನೋ ಏರಿತ್ತಂತೆ, ಎರಡು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಔಷಧಿ ಬದಲಾಯಿಸಿ ಕಳಿಸಿದರಂತೆ. ತಂಗಿ ಇವರಿಗೆ ಫೋನು ಮಾಡಿದ್ದಾಳೆ. "ಭಾವ, ಎಲ್ಲ ಸರಿಹೋದ ಮೇಲೆ ಅಕ್ಕನಿಗೆ ಹೇಳಿ" ಎಂದಿದ್ದಾಳೆ. ಇವರಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ನಾನು ಬರೆದದ್ದು ತಪ್ಪು. ಐದು ದಿನ ತುಟಿ ಪಿಟಕ್ಕೆನ್ನಲಿಲ್ಲ.

ಕಾರು ತೆಗೆದುಕೊಂಡು ನೇರ ಅವಳ ಮನೆಗೆ ಹೋದೆ. ಬಾಗಿಲು ತೆಗೆದವಳೇ ನನ್ನ ಮುಖ ನೋಡಿ, "ಭಾವ ಹೇಳಿದ್ರಾ" ಎಂದಳು.

"ನನಗ್ಯಾಕೆ ಹೇಳಲಿಲ್ಲ?"

"ನಿನಗೆ ಹೇಳಿದ್ರೆ ನಿನ್ನ ಭಯಾನೂ ನಾನೇ ನೋಡ್ಕೋಬೇಕು ಅಕ್ಕ. ಅವತ್ತು ನಂದೇ ಸಾಕಾಗಿತ್ತು."

ಹೊಸಿಲ ಮೇಲೆ ನಿಂತಿದ್ದೆ. ಸಿಟ್ಟು ಬರಬೇಕಿತ್ತು. ಬಂದದ್ದು ಬೇರೇನೋ, ಅದಕ್ಕೆ ಹೆಸರು ಗೊತ್ತಿಲ್ಲ. "ಊಟ ಆಯ್ತಾ?" ಎಂದೆ. ಆಗಿತ್ತು. ಅವಳ ಗೆಳತಿ ನನಗೂ ತಟ್ಟೆ ಹಾಕಿದಳು. ಮೂವರೂ ಯಾವುದೋ ಹಳೆಯ ನಾಟಕದಲ್ಲಿ ದೀಪ ಹತ್ತದೆ ರಾಜ ಕತ್ತಲಲ್ಲೇ ಪ್ರಾಣ ಬಿಟ್ಟ ಕತೆ ಹೇಳಿಕೊಂಡು ನಕ್ಕೆವು. ರಕ್ತಪರೀಕ್ಷೆಯ ವರದಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿತ್ತು. ಹತ್ತಿರ ಹೋಗಿ ನೋಡಲಿಲ್ಲ. ದೂರದಿಂದ ಅಕ್ಷರ ಕಾಣುವುದಿಲ್ಲ, ಕನ್ನಡಕ ಕಾರಿನಲ್ಲಿತ್ತು.

ಜೂನ್ 20, ಶುಕ್ರವಾರ

ನನ್ನ ತಪಾಸಣೆ ಇತ್ತು. ಎಲ್ಲ ಸರಿಯಿದೆ. ಲಿಫ್ಟಿನ ಹತ್ತಿರ ಐಸ್‌ಡಬ್ಬಿ ಸಿಕ್ಕಳು. ಕೆಲಸ ಸಾಗುತ್ತಿದೆಯಾ ಎಂದೆ. ತಾನು ಅಂದುಕೊಂಡದ್ದರಲ್ಲಿ ಅರ್ಧ ತಪ್ಪಾಯಿತು, ಉಳಿದರ್ಧ ಇನ್ನೂ ನೋಡಬೇಕು ಎಂದು ಖುಷಿಯಾಗಿಯೇ ಹೇಳಿದಳು. ವಿಚಿತ್ರ ಹುಡುಗಿ.

"ನಿಮ್ಮ ಕಿಡ್ನಿ ಹೇಗಿದೆ ಆಂಟಿ?"

"ಚೆನ್ನಾಗಿದೆ. ಈಗಷ್ಟೇ ನೋಡಿದ್ರು. ಒಂದೇ ಆದ್ರೂ ಎರಡರ ಕೆಲಸ ಮಾಡ್ತಿದೆಯಂತೆ."

"ಅದಲ್ಲ, ಕೊಟ್ರಲ್ಲ, ಅದು."

"ಅದನ್ನ ನನ್ನ ತಂಗೀನ ಕೇಳಮ್ಮ. ಇಲ್ಲೇ ಎಲ್ಲೋ ಇದಾಳೆ, ಇವತ್ತು ಅವಳದೂ ತಪಾಸಣೆ" ಎಂದೆ.

ಬಂದ ಲಿಫ್ಟು ತುಂಬಿತ್ತು. ಮೆಟ್ಟಿಲಲ್ಲೇ ಇಳಿದೆ. ಸಂಜೆ ಒಬ್ಬ ಹೊಸ ವಿದ್ಯಾರ್ಥಿನಿ, ವಯಸ್ಸಾದವರು, ಕಾರಿನಲ್ಲಿ ಕೂತ ಕೂಡಲೇ ಬೆವರುತ್ತಾರೆ. ಕಲಿಯುತ್ತಾರೆ ಅನ್ನಿಸುತ್ತದೆ.

ಜುಲೈ 12, ಶನಿವಾರ

ಬಹಳ ದಿನವಾಯಿತು ಬರೆದು. ಬರೆಯುವಂಥದ್ದೂ ಇರಲಿಲ್ಲ.

ಮುಂಜಾನೆ ತಂಗಿ ಫೋನು ಮಾಡಿದಳು. ಹೊಸ ನಾಟಕಕ್ಕೆ ಬೆಳಕು ಕಟ್ಟಬೇಕು, ಜೊತೆಗೆ ಕೆಲಸ ಮಾಡುವವನ ಹೆಂಡತಿಗೆ ಹೆರಿಗೆ, ಅವನು ಬರಲಾರ. "ಏಣಿ ಹಿಡಿಯೋಕೆ ಒಬ್ಬರು ಬೇಕಿತ್ತು. ಬರ್ತೀಯಾ?" ಎಂದಳು. ಏಣಿ ಹತ್ತಲು ಡಾಕ್ಟರು ಹೋದ ತಿಂಗಳೇ ಒಪ್ಪಿದ್ದಾರಂತೆ. ಒಪ್ಪಿದ್ದಾರಾ ಎಂದು ನಾನು ಕೇಳಿರಲಿಲ್ಲ, ಅವಳೇ ಹೇಳಿದಳು.

ಹಗಲಾದರೂ ರಂಗಮಂದಿರದ ಒಳಗೆ ಕತ್ತಲು. ಸಾಲು ಸಾಲು ಖಾಲಿ ಕುರ್ಚಿ, ಧೂಳಿನ ವಾಸನೆ. ರಂಗದ ಮೇಲೆ ಒಂದೇ ಒಂದು ಮರದ ಮಣೆ ಇಟ್ಟಿದ್ದರು. ತಂಗಿ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಜೇಬಿಗೆ ನಟ್ಟು ಬಿಗಿಯುವ ಪಾನ ತುರುಕಿಕೊಂಡು, ಏಣಿಯನ್ನು ನನ್ನ ಮುಂದೆ ನಿಲ್ಲಿಸಿದಳು. ಎಲ್ಲಿ ಹಿಡಿಯಬೇಕು, ಕಾಲು ಎಲ್ಲಿ ಊರಬೇಕು ಎಂದು ಹೇಳಿಕೊಟ್ಟಳು. ನಾನು ಕಲಿಸುವವಳು. ನನಗೆ ಯಾರಾದರೂ ಕಲಿಸಿ ಎಷ್ಟು ಕಾಲವಾಗಿತ್ತೋ.

ಹತ್ತಿದಳು. ಅವಳು ಇಡುವ ಒಂದೊಂದು ಹೆಜ್ಜೆಯೂ ನನ್ನ ಅಂಗೈಗೆ ತಿಳಿಯುತ್ತಿತ್ತು. ಮೇಲೆ ಹೋದಷ್ಟೂ ಏಣಿ ನಡುಗುವುದು ಹೆಚ್ಚಾಯಿತು. ನಾನು ಎರಡೂ ಕೈಯಲ್ಲಿ ಅಮುಕಿ, ಮೊಣಕಾಲನ್ನೂ ಆನಿಸಿದೆ. ಬಾಯಿಗೆ ಬಂದ ಮಾತು ಅಲ್ಲೇ ಉಳಿಯಿತು. ಅಷ್ಟು ಎತ್ತರದಲ್ಲಿ ಇರುವವರನ್ನು ಕೆಳಗಿನಿಂದ ಮಾತಾಡಿಸಬಾರದು.

ಮೇಲೆ ಕಬ್ಬಿಣ ಕಿರ್ರೆಂದಿತು. ದೀಪ ಹತ್ತಿತು. ಹಳದಿ ಬೆಳಕು ಮೊದಲು ಪರದೆಯ ಮೇಲೆ ಬಿದ್ದು, ಜಾರಿ, ನೆಲದ ಮೇಲೆ ಅತ್ತಿತ್ತ ಓಡಾಡಿತು.

"ಅಕ್ಕ, ಮಣೆ ಮೇಲೆ ಸರಿಯಾಗಿ ಬಿತ್ತಾ? ಅಲ್ಲಿಂದ ಹೇಗೆ ಕಾಣುತ್ತೆ?" ಎಂದು ಮೇಲಿನಿಂದ ಕೂಗಿದಳು.

ನಾನು ತಿರುಗಿ ನೋಡಲಿಲ್ಲ. ತಿರುಗಿದರೆ ಹಿಡಿತ ತಪ್ಪುತ್ತದೆ.

"ನಾನು ಏಣಿ ನೋಡ್ಕೋತಿದೀನಿ" ಎಂದೆ. "ಬೆಳಕು ನೀನು ನೋಡ್ಕೊ."

ಮೇಲೆ ಮತ್ತೆ ಕಿರ್ರೆಂದಿತು, ಏಣಿ ಒಂದು ಸಲ ಅದುರಿ ನಿಂತಿತು. ನನ್ನ ಬೆನ್ನ ಹಿಂದೆ ಎಲ್ಲೋ ಬೆಳಕು ನೆಲೆಯಾಗಿ ಕೂತದ್ದು ಎದುರು ಗೋಡೆಯ ಮೇಲೆ ನನ್ನ ನೆರಳು ಅಲುಗದೆ ನಿಂತದ್ದರಿಂದ ಗೊತ್ತಾಯಿತು.